ಜ್ವರಕ್ಕೆ ಕೂತ ಮಗು

ಹೋದ ತಿಂಗಳು ಸಾತನೂರಿನ ಹತ್ತಿರ ನನ್ನ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದೆ. ಅವರಿನ್ನೂ ರೇಷ್ಮೆ ಬಿಟ್ಟಿಲ್ಲ. ಹೊಸ ಬೆಳೆ ಹಾಕುವ ಮುಂಚೆ ಹುಳುವಿನ ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಸುಣ್ಣ ಉದುರಿಸಿ ಬಾಗಿಲು ಹಾಕಿದ್ದರು. "ಬಾ ಅಕ್ಕ, ಹೊಸ ಸ್ಟ್ಯಾಂಡ್ ಮಾಡ್ಸಿದೀವಿ, ನೋಡೀವಂತೆ" ಎಂದು ಅವಳು ಬಾಗಿಲು ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಜೊತೆಯಲ್ಲಿದ್ದ ನನ್ನ ಮಗ ಮನು ಎರಡೂ ಕಿವಿ ಮುಚ್ಚಿಕೊಂಡು ಅಂಗಳದ ಆ ತುದಿಗೆ ನಡೆದುಬಿಟ್ಟ. ಮೂಗಿಗೆ ಏನೇ ತೊಂದರೆಯಾದರೂ ಅವನು ಕಿವಿಯನ್ನೇ ಮುಚ್ಚಿಕೊಳ್ಳುವುದು. ನಾನು ಮಾತ್ರ ಅಲ್ಲೇ ನಿಂತೆ.

"ಯಾಕಕ್ಕಾ ಹಂಗ್ ನಿಂತ್ಬುಟ್ಟೆ? ಕಣ್ಣುರೀತಾ ಐತಾ?" ಎಂದಳು ತಂಗಿ.

ಕಣ್ಣಲ್ಲ ಕಣೇ, ಹೊಟ್ಟೆ, ಎನ್ನಬೇಕೆನಿಸಿತು. ಒಂದು ಇಡೀ ವರ್ಷ ನನ್ನ ಹೊಟ್ಟೆ ಉರಿದಿದೆ, ಅದೂ ಇದೇ ವಾಸನೆಯ ಮಧ್ಯೆ ಕೂತು. ಯಾರಿಗೂ ಹೇಳಿಲ್ಲ. ಹೇಳುವಂಥದ್ದೂ ಅಲ್ಲ. ಆದರೆ ನನಗೂ ವಯಸ್ಸಾಯಿತು, ಇನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ?

ರಾಮನಗರ ಜಿಲ್ಲೆಯಾದ ವರ್ಷ ಅದು. ನಮ್ಮೂರು ಹೊಂಗನೂರಿನ ಪಕ್ಕದ್ದು, ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಬಿಡದಿಯ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಬೆಳಗ್ಗೆ ಆರೂವರೆಗೆ ಗಾರ್ಮೆಂಟ್ಸ್ ಬಸ್ಸು ನಮ್ಮೂರ ಅರಳಿಕಟ್ಟೆಯವರೆಗೂ ಬರತೊಡಗಿತ್ತು. ಅದುವರೆಗೆ ಹುಳುವಿಗೆ ಸೊಪ್ಪು ಕೊಯ್ಯಲು ಹೋಗುತ್ತಿದ್ದ ಹೆಣ್ಣುಮಕ್ಕಳೆಲ್ಲ ಕೊರಳಿಗೆ ಐ.ಡಿ. ಕಾರ್ಡು ನೇತುಹಾಕಿಕೊಂಡು, ಟಿಫನ್ ಬಾಕ್ಸ್ ಹಿಡಿದು ಆ ಬಸ್ಸು ಹತ್ತುತ್ತಿದ್ದರು. ನಮ್ಮ ಮನೆಯಿಂದ ಭಾಗ್ಯ ಹತ್ತುತ್ತಿದ್ದಳು.

ಭಾಗ್ಯ ನನ್ನ ಓರಗಿತ್ತಿ, ಮೈದುನ ಕುಮಾರನ ಹೆಂಡತಿ. ಮನೆಯಲ್ಲಿ ನಮ್ಮತ್ತೆ, ನನ್ನ ಯಜಮಾನರು ಶಿವಣ್ಣ, ಕುಮಾರ, ನಾವಿಬ್ಬರು ಸೊಸೆಯಂದಿರು. ನಾನು ಪಿಯುಸಿ ಪಾಸಾದವಳು. ಅವಳು ಏಳನೇ ಕ್ಲಾಸಿಗೆ ಮುಗಿಸಿದ್ದಳು. ಓದಿದ ನಾನು ಮನೆಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದೆ, ಅವಳು ಹೊಸ ಚೂಡಿದಾರ್ ಹಾಕಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂರುತ್ತಿದ್ದಳು. ಇದಕ್ಕೆ ಹೊಟ್ಟೆಕಿಚ್ಚು ಪಟ್ಟೆನೆಂದು ನೀವು ತಿಳಿದರೆ ತಪ್ಪು. ಇದಕ್ಕೂ ಒಸಿ ಪಟ್ಟೆ, ಇಲ್ಲ ಅನ್ನಲಾರೆ. ಆದರೆ ನಿಜವಾದ ಕಿಚ್ಚು ಬೇರೆಯೇ ಇತ್ತು.

ನಾವಿಬ್ಬರೂ ಒಂದೇ ವರ್ಷ ಬಸುರಾಗಿದ್ದೆವು. ಮೊದಲು ನನಗೆ ಮನು ಹುಟ್ಟಿದ, ಒಂದೂವರೆ ತಿಂಗಳಿಗೆ ಅವಳಿಗೆ ಸಿಂಚನ. ಗಂಡು ಹೆತ್ತವಳೆಂದು ನನಗೆ ಮೊದಲ ಬಾಣಂತನದಲ್ಲಿ ಒಂದು ಚಮಚ ತುಪ್ಪ ಜಾಸ್ತಿಯೇ ಬಿತ್ತು. ನಾನೂ ಬೀಗಿದೆ. ಆಮೇಲೆ ಸಿಂಚನ ವರ್ಷ ತುಂಬುವ ಮೊದಲೇ "ಅತ್ತ, ತಾತ, ಬೌ ಬೌ" ಎಂದು ಶುರುಮಾಡಿದಳು. ಮನು ಕರೆದರೆ ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದ, ಹಾಗಾಗಿ ಕಿವಿ ಚೆನ್ನಾಗಿದೆಯೆಂದು ಗೊತ್ತಿತ್ತು. ಆದರೂ ಮುಖ ನೋಡುತ್ತಿರಲಿಲ್ಲ. ಚನ್ನಪಟ್ಟಣದಿಂದ ತಂದ ಅರಗಿನ ಬಣ್ಣದ ಮರದ ಗಾಡಿಯನ್ನು ಸಿಂಚನ ದಾರ ಕಟ್ಟಿ ಎಳೆದುಕೊಂಡು ಊರೆಲ್ಲ ತಿರುಗಿದರೆ, ಮನು ತನ್ನದನ್ನು ತಲೆಕೆಳಗು ಮಾಡಿ, ಒಂದು ಚಕ್ರವನ್ನು ತಿರುಗಿಸುತ್ತ ಮಧ್ಯಾಹ್ನವಿಡೀ ಕೂರುತ್ತಿದ್ದ. ಆ ವರ್ಷ ಅವನಿಗೆ ಮೂರು ತುಂಬಿತ್ತು. ಒಂದು ಮಾತಿಲ್ಲ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಳಂತೆ ಎಂದರು ಒಬ್ಬರು. ಟೀವಿ ಮುಂದೆ ಕೂರಿಸಿದ್ದಕ್ಕೆ ಎಂದರು ಇನ್ನೊಬ್ಬರು. ಚುಚ್ಚುಮದ್ದು ಹಾಕಿಸಿದ್ದೇ ತಪ್ಪು ಎಂದರು, ಅದೇ ಚುಚ್ಚುಮದ್ದನ್ನು ಅದೇ ನರ್ಸಮ್ಮನ ಕೈಯಲ್ಲಿ ಸಿಂಚನಳೂ ಹಾಕಿಸಿಕೊಂಡಿದ್ದಳು, ಅದನ್ನು ಯಾರೂ ನೆನೆಯಲಿಲ್ಲ. ನಾನು ಬಜೆ ತೇದು ನಾಲಿಗೆಗೆ ಹಚ್ಚಿದೆ. ಟೀವಿಯ ವೈರನ್ನೇ ಕಿತ್ತುಹಾಕಿದೆ. ಎರಡು ದೇವಸ್ಥಾನಕ್ಕೆ ಗಂಟೆ ಕಟ್ಟಿದೆ. ಹೈವೇ ಪಕ್ಕದ ಒಂದು ಕ್ಲಿನಿಕ್ಕಿನ ಡಾಕ್ಟರು ಮನುವನ್ನು ಎರಡು ನಿಮಿಷ ನೋಡಿ, "ತಾಯಿ ಮಗು ಜೊತೆ ಸರಿಯಾಗಿ ಮಾತಾಡಲ್ಲ ಅನ್ಸುತ್ತೆ. ಪ್ರೀತಿ ಸಿಗದಿದ್ರೆ ಮಕ್ಕಳು ಹೀಗೇ" ಎಂದುಬಿಟ್ಟರು. ಅಯ್ಯೋ ನನ್ನ ಕರ್ಮವೇ! ಬೆಳಗಾದರೆ ಆ ಮಗುವಿನ ಜೊತೆ ಮಾತಾಡಿ ಮಾತಾಡಿ ನನ್ನ ಗಂಟಲು ಒಣಗುತ್ತಿತ್ತು. ಇಗೋ ಕಂದ ಹಸು, ಇಗೋ ಕಂದ ಹುಳ, ಇಗೋ ಕಂದ ನಿಮ್ಮಪ್ಪ. ದಿನವಿಡೀ ಮಗುವನ್ನು ಬಿಟ್ಟು ಬಸ್ಸು ಹತ್ತುವವಳ ಮಗಳು ಪಟಪಟ ಅನ್ನುತ್ತಿದ್ದಳು, ಸೆರಗಿಗೆ ಕಟ್ಟಿಕೊಂಡು ಸಾಕಿದ ನನಗೆ ಪ್ರೀತಿ ಕಮ್ಮಿಯಂತೆ.

ನಮ್ಮತ್ತೆ ಮಾತ್ರ ಅಂಥ ಮಾತು ಆಡಲಿಲ್ಲ. ಅವರಿಗೆ ಹುಳುವೊಂದು ಗೊತ್ತು, ಬೇರೆ ಯಾವುದೂ ಗೊತ್ತಿಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಕದಲದೆ ಕೂರುತ್ತದೆ. ಒಂದು ದಿನ ಹಾಗೆ ಕೂತು, ಹಳೆಯ ಚರ್ಮ ಕಳಚಿ, ಮತ್ತೆ ಮೇಯಲು ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಹುಳುವನ್ನು ಮುಟ್ಟಬಾರದು, ಹುಳು ಸಾಕುವ ಬಿದಿರ ತಟ್ಟೆ ಅಲುಗಿಸಬಾರದು, ಸೊಪ್ಪು ಹಾಕಬಾರದು. ಮೇಲೆ ಸುಣ್ಣ ಉದುರಿಸಿ ಸುಮ್ಮನೆ ಕಾಯಬೇಕು.

"ನನ್ ಮೊಮ್ಮಗ ಜ್ವರಕ್ ಕುಂತವ್ನೆ ಕಣವ್ವ" ಎಂದರು ಅತ್ತೆ, ಬಂದವರೆದುರೆಲ್ಲ. "ಕೆಲವು ಒಸಿ ಜಾಸ್ತಿ ಹೊತ್ತು ಕುಂತ್ಕತವೆ. ಅವನ್ನ ಕದಲಿಸ್ಬಾರ್ದು. ಎದ್ದಾಗ ನೋಡು, ಎಲ್ಲರಗಿಂತ ಮುಂಚೆ ಗೂಡು ಕಟ್ತಾನೆ."

ನನಗೆ ಆ ಮಾತು ಎಷ್ಟು ಹಿತವಾಯಿತೆಂದರೆ ನಾನೂ ನಂಬಿದೆ. ಪಿಯುಸಿ ಪಾಸಾದವಳು ನಂಬಿದೆ! ಮನುವನ್ನು ಮಾತಾಡಿಸುವುದನ್ನೇ ನಿಲ್ಲಿಸಿದೆವು. ಅವನು ಮೂಲೆಯಲ್ಲಿ ಚಕ್ರ ತಿರುಗಿಸುತ್ತಿದ್ದರೆ ಅತ್ತ ಯಾರೂ ಹೋಗುತ್ತಿರಲಿಲ್ಲ. ಸಿಂಚನ ಹತ್ತಿರ ಹೋದರೆ ಅತ್ತೆ ಗದರುತ್ತಿದ್ದರು. ಹೀಗೆ ಆಷಾಢ ಕಳೆಯಿತು, ಶ್ರಾವಣ ಬಂತು.

ಸಂಜೆ ಏಳರ ಹೊತ್ತಿಗೆ ಗಾರ್ಮೆಂಟ್ಸ್ ಬಸ್ಸು ಬರುತ್ತಿತ್ತು. ಹಾರನ್ ಕೇಳಿದೊಡನೆ ಸಿಂಚನ ಚಪ್ಪಲಿಯೂ ಇಲ್ಲದೆ ಓಡುತ್ತಿದ್ದಳು, "ಅಮ್ಮಾ... ಅಮ್ಮಾ..." ಎನ್ನುತ್ತ, ಬೀದಿಯುದ್ದಕ್ಕೂ. ಆ ಕೂಗು ನಮ್ಮ ಮನೆ ಬಾಗಿಲಿಂದ ಶುರುವಾಗಿ ಅರಳಿಕಟ್ಟೆಯವರೆಗೆ ಹೋಗುತ್ತಿತ್ತು. ನಾನು ಹುಳುವಿನ ಮನೆಯೊಳಗೆ ಕೂತು ಅದನ್ನು ಕೇಳುತ್ತಿದ್ದೆ. ಪ್ರತಿ ದಿನ. ದಿನವೆಲ್ಲ ಸಿಂಚನಳಿಗೆ ಅನ್ನ ತಿನ್ನಿಸಿ, ಕುಂಡಿ ತೊಳೆದು, ಮಲಗಿಸಿದವಳು ನಾನು. ಆ ಮಾತು ಕೇಳುವವಳು ಭಾಗ್ಯ. ಆ ಮಗುವಿನ ಬಾಯಿಗೆ ಕೈ ಅಡ್ಡ ಇಡಬೇಕೆನಿಸುತ್ತಿತ್ತು, ಎಂಥ ಪಾಪಿ ನಾನು ನೋಡಿ.

ಅಷ್ಟಕ್ಕೇ ನಿಂತಿದ್ದರೂ ನುಂಗಿಕೊಳ್ಳುತ್ತಿದ್ದೆನೇನೋ. ಒಂದು ಸಂಜೆ ಭಾಗ್ಯ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ದಿನವಿಡೀ ಮಿಷನ್ನಿನ ಮುಂದೆ ಕೂರುವವಳ ಬಟ್ಟೆಯ ಮೇಲೆಲ್ಲ ದಾರದ ತುಣುಕುಗಳು ಅಂಟಿಕೊಂಡಿರುತ್ತಿದ್ದವು, ಕೆಂಪು, ನೀಲಿ, ಹಳದಿ. ಮನು ಮೂಲೆಯಿಂದ ಎದ್ದು ಬಂದ. ತಾನಾಗಿಯೇ. ಬಂದು ಅವಳ ಭುಜದಿಂದ ಒಂದು ದಾರ ಎತ್ತಿದ. ಅದನ್ನು ಬೆಳಕಿಗೆ ಹಿಡಿದು ನೋಡಿದ. ಇನ್ನೊಂದು ಎತ್ತಿದ. ಹಾಗೇ ಅವಳ ತೊಡೆಯ ಮೇಲೆ ಹತ್ತಿ ಕೂತು, ವೇಲಿನ ಮೇಲಿನ ಒಂದೊಂದೇ ಎಳೆಯನ್ನು ಬಿಡಿಸಿ ಬಿಡಿಸಿ ತನ್ನ ಅಂಗೈಗೆ ಹಾಕಿಕೊಂಡ.

"ಅಕ್ಕಾ, ನೋಡಿ ನೋಡಿ! ಮನು ನನ್ ತೊಡೆ ಮೇಲ್ ಕುಂತವ್ನೆ!" ಎಂದು ಭಾಗ್ಯ ಪಿಸುಗುಟ್ಟಿದಳು, ಉಸಿರು ಬಿಡಲೂ ಹೆದರಿದವಳಂತೆ. ಅವಳ ಕಣ್ಣಲ್ಲಿ ನೀರು.

ಅವನು ನನ್ನ ತೊಡೆಯ ಮೇಲೆ ಹಾಗೆ ಕೂತದ್ದು ಎಂದೂ ಇಲ್ಲ. ಎತ್ತಿಕೊಂಡರೆ ಮೈ ಬಿಲ್ಲು ಮಾಡಿ ಜಾರುತ್ತಿದ್ದ. "ಅವ್ನ ಇಳ್ಸು, ಜ್ವರಕ್ ಕುಂತಿರೋನ ಕದಲಿಸ್ಬೇಡ" ಎಂದೆ. "ನಾನೇನೂ ಮುಟ್ಲಿಲ್ಲ ಅಕ್ಕ, ಅವ್ನೇ ಬಂದ" ಎಂದಳು. ಅವನೇ ಬಂದ ಎಂಬುದೇ ನನ್ನ ನೋವೆಂದು ಅವಳಿಗೆ ಹೇಗೆ ಹೇಳಲಿ?

ಅಲ್ಲಿಂದ ದಿನವೂ ಅದೇ ಆಯಿತು. ಬಸ್ಸಿನ ಹಾರನ್ನಿಗೆ ಸಿಂಚನ ಓಡುವಳು, ಮನು ಚಕ್ರ ನಿಲ್ಲಿಸಿ ಬಾಗಿಲ ಕಡೆ ನೋಡುವನು. ಹೆಸರು ಕರೆದರೆ ತಿರುಗದವನು! ಅವಳಿಗೆ ಒಬ್ಬಳು ಮಗಳು ಸಾಲದೆ ನನ್ನ ಮಗನೂ ಬೇಕಾಯಿತೇ ಎಂದು ನಾನು ಸೊಪ್ಪಿನ ಮೇಲೆ ಕತ್ತಿ ಕುಕ್ಕುತ್ತಿದ್ದೆ.

ಗೌರಿಹಬ್ಬದ ಹಿಂದುಮುಂದು ಅನಿಸುತ್ತದೆ. ಒಂದು ಮಧ್ಯಾಹ್ನ ಅತ್ತೆ ಮತ್ತು ನಾನು ಸೊಪ್ಪು ಹೆಚ್ಚುತ್ತಿದ್ದೆವು. ಅತ್ತೆ ಇದ್ದಕ್ಕಿದ್ದಂತೆ ಕತ್ತಿ ಕೆಳಗಿಟ್ಟರು.

"ಸಾವಿತ್ರೀ, ನೀನು ಬಸುರೀಲಿದ್ದಾಗ ಒಂದ್ ಬೆಳೆ ಅರ್ಧಕ್ಕರ್ಧ ಹೋಯ್ತಲ್ಲ, ಗ್ಯಾನ ಐತಾ? ನಾಕ್ನೇ ಜ್ವರದಲ್ಲಿ?"

ನೆನಪಿರದೆ ಏನು? ಆ ದಿನ ಗಂಡಸರು ಮಾರ್ಕೆಟ್ಟಿಗೆ ಹೋಗಿದ್ದರು, ಅತ್ತೆ ತವರಿಗೆ ಹೋಗಿದ್ದರು. ಜೋರು ಮಳೆ. ಹುಳುವಿನ ಮನೆಯ ಹೆಂಚು ಸರಿದು ತಟ್ಟೆಗಳ ಮೇಲೆ ನೀರು ತೊಟ್ಟಿಕ್ಕತೊಡಗಿತು. ನನಗೆ ಐದು ತಿಂಗಳು. ನಾನೇ ಭಾಗ್ಯಳನ್ನು ಕೂಗಿದ್ದೆ. "ಅಕ್ಕ, ಜ್ವರಕ್ ಕುಂತವೆ, ಅತ್ತೆ ಬಯ್ತಾರೆ" ಎಂದು ಅವಳು ಬಾಗಿಲಲ್ಲೇ ನಿಂತಳು. "ನೆನ್ದು ಸಾಯೋದಕ್ಕಿಂತ ವಾಸಿ, ಬಾ, ಆ ಕಡೆ ಹಿಡ್ಕೊ" ಎಂದು ಗದರಿದೆ. ಇಬ್ಬರೂ ಸೇರಿ ಒಂದಾದ ಮೇಲೊಂದು ತಟ್ಟೆ ಇಳಿಸಿ ಆಚೆ ಗೋಡೆಗೆ ಸಾಗಿಸಿದೆವು. ಆಮೇಲೆ ಹುಳು ಸರಿಯಾಗಿ ಏಳಲಿಲ್ಲ. ಅತ್ತೆಗೆ ಹೆಂಚಿನ ಕಥೆ ಹೇಳಿದೆವು, ತಟ್ಟೆ ಸಾಗಿಸಿದ್ದು ಹೇಳಲಿಲ್ಲ.

"ನಂಗೆ ಆಗ್ಲೇ ಅನುಮಾನ" ಎಂದರು ಅತ್ತೆ. "ತಟ್ಟೆ ಜಾಗ ಬದ್ಲಾಗಿತ್ತು. ಜ್ವರಕ್ ಕುಂತಿರೋ ಹುಳನ ಯಾರೋ ಕದಲ್ಸವ್ರೆ. ಆ ಬೆಳೆ ನಿನ್ ಕೈಲಿ ಹಾಕ್ಸಿದ್ದು. ಕದಲ್ಸಿದ್ದು ಯಾರೇ ಆಗ್ಲಿ, ಹುಳಿನ ಮುನಿಸು ಸಾಕ್ದೋಳ್ ಹೊಟ್ಟೆಗೇ ಬರಾದು. ಅದ್ಕೇ ಮಗ ಏಳ್ತಾ ಇಲ್ಲ. ಯಾರವ್ವಾ ಕದಲ್ಸಿದ್ದು?"

ಹೊರಗೆ ಜಗಲಿಯ ಮೇಲೆ ಭಾಗ್ಯಳ ಹಳದಿ ವೇಲು ಒಣಗುತ್ತಿತ್ತು. ಅದನ್ನು ನೋಡುತ್ತಲೇ ಹೇಳಿದೆ: "ಭಾಗ್ಯ."

ಒಂದೇ ಹೆಸರು. ಸುಳ್ಳೇನೂ ಅಲ್ಲವಲ್ಲ, ಅವಳ ಕೈಯೂ ಇತ್ತಲ್ಲ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ.

ಅಂದು ಸಂಜೆ ಬಸ್ಸಿಳಿದು ಬಂದವಳನ್ನು ಅತ್ತೆ ಅಂಗಳದಲ್ಲೇ ತಡೆದರು. "ನಿನ್ ಕೈಯಾರೆ ನನ್ ಮೊಮ್ಮಗನ ಬಾಯಿ ಕಟ್ಬುಟ್ಟಲ್ಲೇ! ಜ್ವರದ ಹುಳಾನ ಮುಟ್ಟಬಾರ್ದು ಅಂತ ನಿಮ್ಮವ್ವ ಕಲಿಸ್ಲಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಭಾಗ್ಯಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನನ್ನ ಕಡೆ ನೋಡಿದಳು. ನಾನು ಸೊಪ್ಪಿನ ಮಂಕರಿ ನೋಡಿದೆ. ಈಗ ಬಾಯಿ ಬಿಡುತ್ತಾಳೆ, "ಅಕ್ಕನೇ ಕರೆದದ್ದು" ಎನ್ನುತ್ತಾಳೆ ಎಂದು ಕಾದೆ. ಅವಳು ಅನ್ನಲಿಲ್ಲ. ಟಿಫನ್ ಬಾಕ್ಸನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು.

ಮರುದಿನದಿಂದ ಅವಳು ಅರಳಿಕಟ್ಟೆಯ ಹತ್ತಿರವೇ ಬಟ್ಟೆ ಕೊಡವಿಕೊಂಡು ಬರತೊಡಗಿದಳು. ಹಿತ್ತಿಲ ಬಾಗಿಲಿಂದ ಒಳಗೆ ಬಂದು, ಬಟ್ಟೆ ಬದಲಿಸಿ, ಮನು ಇದ್ದ ಕಡೆ ತಲೆ ಹಾಕುತ್ತಿರಲಿಲ್ಲ. ತನ್ನ ಕೈ ಸೋಕಿದರೆ ಮಗುವಿಗೆ ಇನ್ನೇನಾಗುತ್ತದೋ ಎಂಬ ಹೆದರಿಕೆ ಅವಳ ಮುಖದಲ್ಲಿ ಕಾಣುತ್ತಿತ್ತು. ಅವಳು ನಂಬಿಬಿಟ್ಟಿದ್ದಳು.

ನನಗೆ ಗೆದ್ದಂತಾಯಿತು, ಎರಡು ದಿನ. ಮೂರನೆಯ ಸಂಜೆ ಹಾರನ್ ಕೇಳಿ ಮನು ಎದ್ದು ಬಾಗಿಲಿಗೆ ಬಂದು ನಿಂತ. ಭಾಗ್ಯ ಬರಲಿಲ್ಲ. ಅವನು ಅಂಗೈ ಬಿಚ್ಚಿ ಹಾಗೇ ನಿಂತಿದ್ದ. ಆಮೇಲೆ ಹೊಸ್ತಿಲಿಗೆ ಹಣೆ ಚಚ್ಚಿಕೊಳ್ಳತೊಡಗಿದ. ದಿನಾ ಅದೇ. ಹಣೆಯಲ್ಲಿ ನೆಲ್ಲಿಕಾಯಿ ಗಾತ್ರದ ಬುಗುಟು ಎದ್ದಿತು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಒಂದು ಹಳೆಯ ಕುಬುಸದ ಹೊಲಿಗೆ ಬಿಚ್ಚಿ, ದಾರದ ತುಣುಕುಗಳನ್ನು ಮಾಡಿ, ನನ್ನ ಸೀರೆಯ ಮೇಲೆಲ್ಲ ಉದುರಿಸಿಕೊಂಡು ಜಗಲಿಯ ಮೇಲೆ ಕೂತೆ. ಭಾಗ್ಯಳಂತೆಯೇ ಕಾಲು ಚಾಚಿಕೊಂಡು. ಮನು ಬಂದ. ಒಂದು ದಾರ ಎತ್ತಿದ, ಬೆಳಕಿಗೆ ಹಿಡಿದ, ಅಲ್ಲೇ ಬಿಟ್ಟು ಹೊಸ್ತಿಲ ಕಡೆ ಹೋದ. ಅದನ್ನು ನೋಡಿದ ಪಕ್ಕದ ಮನೆಯವಳು "ಏನ್ರಕ್ಕ, ಮೈ ತುಂಬ ದಾರ?" ಎಂದಳು. "ಬಟ್ಟೆ ಹೊಲೀತಿದ್ದೆ" ಎಂದು ಒಳಗೆ ಬಂದು ಕಣ್ಣೀರು ಹಾಕಿದೆ.

ಹೊಸ ಗಾಡಿ ಕೊಡಿಸಿದರೆ ಸಮಾಧಾನವಾದೀತೆಂದು ನನ್ನವರು ಮನುವನ್ನು ಚನ್ನಪಟ್ಟಣಕ್ಕೆ ಕರೆದೊಯ್ದರು. ಅಲ್ಲಿ ಗೊಂಬೆ ಕಡೆಯುವ ಬಾಷಾ ಸಾಬರು ಹಳೆಯ ಪರಿಚಯ. ಮನು ಅಂಗಡಿಯಲ್ಲಿ ಕೂತು ಗಾಡಿ ತಲೆಕೆಳಗು ಮಾಡಿ ಚಕ್ರ ತಿರುಗಿಸುವುದನ್ನು ಅವರು ಬಹಳ ಹೊತ್ತು ನೋಡಿದರಂತೆ. "ಶಿವಣ್ಣ, ಬೇಜಾರ್ ಮಾಡ್ಕೋಬ್ಯಾಡಿ. ನಮ್ ತಂಗಿ ಮಗಾನೂ ಹಿಂಗೇ ಇದ್ದ. ನಾವೂ ದರ್ಗಾ, ತಾಯಿತ ಅಂತ ಟೈಮ್ ಹಾಳ್ ಮಾಡಿದ್ವಿ. ಬೆಂಗ್ಳೂರಲ್ಲಿ ದೊಡ್ಡಾಸ್ಪತ್ರೆಗೆ ತೋರ್ಸಿ" ಎಂದು ಯಾವ ಬಸ್ಸು, ಯಾವ ಬಾಗಿಲು ಎಲ್ಲ ಹೇಳಿಕೊಟ್ಟರು.

ದೀಪಾವಳಿ ಕಳೆದ ಮೇಲೆ ಹೋದೆವು. ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರಿರಬೇಕು. ನೆಲದ ಮೇಲೆ ಕೂತು ಮನುವಿನ ಜೊತೆ ಒಂದು ಗಂಟೆ ಕಳೆದರು. ಆಮೇಲೆ ನಮ್ಮನ್ನು ಕೂರಿಸಿ "ಇದಕ್ಕೆ ಆಟಿಸಂ ಅಂತಾರೆ" ಎಂದರು. ಅವನ ಮಿದುಳು ಬೆಳೆಯುವ ರೀತಿಯೇ ಬೇರೆ, ಹುಟ್ಟುವ ಮುಂಚಿನಿಂದಲೂ ಅದು ಹಾಗೇ, ಇದು ವಾಸಿಯಾಗುವ ಕಾಯಿಲೆಯಲ್ಲ, ಆದರೆ ಕಲಿಸಿದರೆ ಎಷ್ಟೋ ಕಲಿಯುತ್ತಾನೆ ಎಂದರು.

ನಾನು ಒಂದೊಂದಾಗಿ ಕೇಳಿದೆ. ಗ್ರಹಣ? ಅಲ್ಲಮ್ಮ. ಟೀವಿ? ಅದರಿಂದ ಬಂದದ್ದಲ್ಲ. ಚುಚ್ಚುಮದ್ದು? ಖಂಡಿತ ಅಲ್ಲ. ನನ್ನ ಪ್ರೀತಿ ಕಮ್ಮಿಯಾಗಿ? ಅವರು ನನ್ನ ಕೈ ಹಿಡಿದುಕೊಂಡರು. "ನೀವು ಸಾಕಿದ್ದರಿಂದ ಬಂದಿದ್ದಲ್ಲ. ಹಾಗೆ ಹೇಳಿದವರು ಯಾರೇ ಆಗಿರಲಿ, ತಪ್ಪು ಹೇಳಿದ್ದಾರೆ." ನಾನು ಅತ್ತುಬಿಟ್ಟೆ. ಕೊನೆಗೆ, ನಾಚಿಕೆ ಬಿಟ್ಟು, ಹುಳುವನ್ನು ಕದಲಿಸಿದ್ದನ್ನೂ ಕೇಳಿದೆ. ಅವರು ನಗಲಿಲ್ಲ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾರೂ ಏನೂ ಮಾಡಿಲ್ಲಮ್ಮ" ಎಂದರು.

ಕಣ್ಣೊರೆಸಿಕೊಳ್ಳುವಾಗಲೇ ಒಂದು ಯೋಚನೆ ಒಳಗೆ ಚುಚ್ಚಿತು: ಯಾರೂ ಏನೂ ಮಾಡಿಲ್ಲವೆಂದರೆ ಭಾಗ್ಯಳೂ ಮಾಡಿಲ್ಲ. ಇಷ್ಟು ದಿನ ಅವಳ ತಲೆಯ ಮೇಲಿಟ್ಟಿದ್ದನ್ನು ನಾನೇ ಇಳಿಸಬೇಕು. ನನಗೆ ಇಷ್ಟವಿರಲಿಲ್ಲ.

"ಜ್ವರ ಗಿರ ಅಂತ ಅವನನ್ನ ಒಬ್ಬನೇ ಬಿಡಬೇಡಿ" ಎಂದರು ಡಾಕ್ಟರು. "ಅವನಿಗೆ ಏನಿಷ್ಟವೋ ಅಲ್ಲಿಂದ ಶುರುಮಾಡಿ. ಏನಿಷ್ಟ ಅವನಿಗೆ?"

ನಾನು ಬಾಯಿ ಬಿಡಲಿಲ್ಲ. ನನ್ನವರೇ ಹೇಳಿದರು. "ದಾರ ಮೇಡಂ. ನನ್ ತಮ್ಮನ ಹೆಂಡ್ತಿ ಗಾರ್ಮೆಂಟ್ಸ್‌ಗೆ ಹೋಯ್ತಾಳೆ, ಅವಳ ಬಟ್ಟೆ ಮೇಲಿನ ದಾರ. ಅವಳ್ ತೊಡೆ ಮೇಲೆ ಕುಂತು ಒಂದೊಂದೇ ಎತ್ತೋನು. ಈಗ ಅವ್ಳು ಹತ್ರ ಬರಾಕಿಲ್ಲ."

"ಅಯ್ಯೋ, ಯಾಕೆ? ಅದನ್ನ ನಿಲ್ಲಿಸಬೇಡಿ. ಮುಂದಿನ ಸಲ ಅವರನ್ನೂ ಕರಕೊಂಡು ಬನ್ನಿ" ಎಂದರು. ಹೆತ್ತವಳು ಎದುರಿಗೆ ಕೂತಿದ್ದೇನೆ, ಇವರಿಗೆ ಅವಳು ಬೇಕು!

ಮನೆಗೆ ಬಂದು ನನ್ನವರು ಎಲ್ಲ ಹೇಳಿದರು. ಅತ್ತೆ ಕೇಳಿ ಮುಗಿಸಿ, "ಆ ಡಾಕ್ಟ್ರಮ್ಮ ಒಂದಿನನಾದ್ರೂ ಹುಳ ಮೇಯ್ಸವ್ಳಾ? ಅವ್ಳಿಗೇನ್ ಗೊತ್ತು?" ಎಂದರು. ಭಾಗ್ಯ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅತ್ತೆಯ ಆ ಒಂದು ಮಾತಿಗೆ ಮತ್ತೆ ಒಳಗೆ ಸರಿದಳು. "ಅತ್ತೆ, ತಟ್ಟೆ ಇಳಿಸಿದ್ದು ನಾನು" ಎಂದು ನಾನು ಅಂದಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಹಾಗಂದರೆ ಪಾಪ ತಿರುಗಿ ನನ್ನ ಹೊಟ್ಟೆಗೇ ಬರುತ್ತಿತ್ತು. ಹೆತ್ತವಳೇ ಮಾಡಿಕೊಂಡಳು ಎಂದು ಊರು ಆಡಿಕೊಳ್ಳುತ್ತಿತ್ತು. ಮಗನೂ ಅವಳ ತೊಡೆಗೆ, ಒಳ್ಳೆಯ ಹೆಸರೂ ಅವಳಿಗೆ. ಬಾಯಿಗೆ ಬಂದ ಮಾತನ್ನು ನುಂಗಿದೆ. ಹಾಗೆ ಎರಡು ತಿಂಗಳು ನುಂಗಿದೆ.

ಆ ಎರಡು ತಿಂಗಳು ಡಾಕ್ಟರು ಹೇಳಿದ್ದನ್ನೆಲ್ಲ ನಾನೊಬ್ಬಳೇ ಮಾಡಿದೆ. ನೆಲದ ಮೇಲೆ ಕೂತು ಅವನ ಚಕ್ರದ ಜೊತೆ ಇನ್ನೊಂದು ಚಕ್ರ ತಿರುಗಿಸಿದೆ. ಒಮ್ಮೊಮ್ಮೆ ನನ್ನ ಚಕ್ರವನ್ನು ನೋಡುತ್ತಿದ್ದ. ಅಷ್ಟಕ್ಕೇ ನನಗೆ ಹಬ್ಬ. ಆದರೆ ಸಂಜೆ ಹಾರನ್ ಆದರೆ ಸಾಕು, ನಾನು ಇದ್ದೇನೆಂಬುದೇ ಅವನಿಗೆ ಮರೆಯುತ್ತಿತ್ತು. ಹೊಸ್ತಿಲು, ಹಣೆ, ರಕ್ತ. ನಾನು ಹೊಸ್ತಿಲ ಮೇಲೆ ದಿಂಬು ಇಡುತ್ತಿದ್ದೆ, ಸತ್ಯ ಹೇಳುತ್ತಿರಲಿಲ್ಲ.

ಸಂಕ್ರಾಂತಿ ಆಗಿ ಒಂದು ವಾರಕ್ಕೆ ಕುಮಾರ ಹೇಳಿದ, ಬಿಡದಿಯಲ್ಲಿ ರೂಮು ನೋಡಿದ್ದೇವೆ, ಹೊರಟುಬಿಡುತ್ತೇವೆ ಎಂದು. "ಯಾಕ್ಲಾ, ಇಲ್ಲಿಂದ್ಲೇ ಬಸ್ ಐತಲ್ಲ?" ಎಂದರು ನನ್ನವರು. ಕುಮಾರ ನೆಲ ನೋಡುತ್ತ, "ಭಾಗ್ಯಂಗೆ ಇರಕ್ಕಾಗಲ್ವಂತೆ ಅಣ್ಣ. ತಾನಿದ್ರೆ ಮಗ ಏಳಾಕಿಲ್ಲ ಅಂತ ಅಳ್ತಾಳೆ. ಸಿಂಚುನೂ ಅವ್ನ ಹತ್ರ ಬಿಡಾಕಿಲ್ಲ" ಎಂದ.

ಒಂದು ಭಾನುವಾರ ಬೆಳಗ್ಗೆ ಟೆಂಪೋ ಬಂತು. ಮಂಚ, ಬೀರು, ಗ್ಯಾಸ್ ಸಿಲಿಂಡರ್ ಏರಿದವು. ನಾನು ಬಯಸಿದ್ದು ಇದನ್ನೇ ಅಲ್ಲವೇ? ಇನ್ನು ಆ ಹಾರನ್ನಿಗೆ ನನ್ನ ಮನೆಯಲ್ಲಿ ಯಾರೂ ಕಾಯಬೇಕಿಲ್ಲ. ಬೀದಿಯಲ್ಲಿ "ಅಮ್ಮಾ" ಎಂದು ಯಾರೂ ಓಡುವುದಿಲ್ಲ. ಮನು ಹಣೆಗೆ ಪಟ್ಟಿ ಸುತ್ತಿಕೊಂಡು ಜಗಲಿಯ ಮೂಲೆಯಲ್ಲಿ ಚಕ್ರ ತಿರುಗಿಸುತ್ತಿದ್ದ. ಭಾಗ್ಯ ದೇವರಿಗೆ ಕೈ ಮುಗಿದು, ಅತ್ತೆಯ ಕಾಲಿಗೆ ಬಿದ್ದು, ನನ್ನ ಹತ್ತಿರ ಬಂದು ಬಗ್ಗಿದಳು. "ತಪ್ಪಾಯ್ತು ಅಕ್ಕ. ಮನುಗೆ ಹಿಂಗ್ ಮಾಡ್ಬುಟ್ಟೆ" ಎಂದು ನನ್ನ ಪಾದ ಮುಟ್ಟಿದಳು.

ಅವಳ ಕೈ ನನ್ನ ಕಾಲ ಮೇಲೆ ಬಿದ್ದಾಗ ನನ್ನಿಂದ ತಡೆಯಲಾಗಲಿಲ್ಲ. ಕಾಲು ಹಿಂದೆಳೆದುಕೊಂಡೆ. "ಏಳೇ ಮೇಲೆ! ನೀನೇನ್ ಮಾಡಿದ್ದಿ? ಕರೆದೋಳು ನಾನು" ಎಂದೆ. ಮೆಲ್ಲಗೆ ಹೇಳಿದ್ದೆ, ಅವಳಿಗೆ ಮಾತ್ರ ಕೇಳುವಂತೆ.

ಅವಳು ಎದ್ದಳು. ಕಣ್ಣೊರೆಸಿಕೊಂಡಳು. "ನನ್ ಹತ್ರ ಹೇಳಿದ್ರೆ ಏನ್ ಬಂತಕ್ಕ? ನಂಗ್ ಗೊತ್ತಿಲ್ವಾ? ಕರೆದೋರ್ ನೀವಾದ್ರೂ ಕೈ ನಂದೂ ಅಲ್ವಾ ಅಂತ ಸುಮ್ಕಿದ್ದೆ. ಡಾಕ್ಟ್ರು ಯಾರ್ದೂ ತಪ್ಪಿಲ್ಲ ಅಂದಿದ್ದು ನಿಜಾನಾ? ನಿಜ ಆಗಿದ್ರೆ ಅತ್ತೆ ಮುಂದೆ ಹೇಳಿ. ಬೀದೀಲಿ ಬೈಸ್ಕಂಡಿದೀನಿ, ಬೀದೀಲೇ ಹೇಳಿ." ಮೊದಲ ಸಲ ಅವಳ ದನಿಯಲ್ಲಿ ಸಿಟ್ಟು ಕೇಳಿದೆ.

ಟೆಂಪೋ ಸುತ್ತ ಅಷ್ಟು ಜನ ಸೇರಿದ್ದರು. ಪಕ್ಕದ ಮನೆಯವಳೂ ಇದ್ದಳು. ಆದರೂ ಅತ್ತೆಯ ಮುಂದೆ ಹೋಗಿ ನಿಂತು ಜೋರಾಗಿ ಹೇಳಿದೆ. "ಅವತ್ತು ತಟ್ಟೆ ಇಳಿಸಿದ್ದು ನಾನು ಅತ್ತೆ. ಭಾಗ್ಯ ಬ್ಯಾಡ ಅಂದ್ಲು. ನಾನೇ ಗದರಿ ಕರ್ದೆ. ಅದರಿಂದ ಏನೂ ಆಗಿಲ್ಲ. ಮನು ಹುಟ್ಟಿದ್ದೇ ಹಂಗೆ. ಮನು ಅವ್ಳ ಹತ್ರ ಹೋಯ್ತಾನೆ ಅಂತ ಹೊಟ್ಟೆಕಿಚ್ಚಿಗೆ ಅವ್ಳ ಹೆಸ್ರು ಹೇಳ್ದೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರೆ ಹೆತ್ತೋಳೇ ತಿಂದ್ಕಂಡ್ಲು ಮಗನ್ನ" ಎಂದರು.

"ಯಾರೂ ತಿನ್ನಿಲ್ಲ ಕಣವ್ವ, ಸುಮ್ಕಿರು!" ಎಂದರು ನನ್ನವರು. ತಾಯಿಗೆ ಅವರು ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅತ್ತೆ ಆ ಮಾತು ಬಿಡಲಿಲ್ಲ. ಸಾಯುವವರೆಗೂ, ಬಂದವರೆದುರೆಲ್ಲ, ನನ್ನ ಹಿರೀ ಸೊಸೆ ಹುಳ ಕದಲಿಸಿ ಮಗನನ್ನು ಹಾಳುಮಾಡಿಕೊಂಡಳು ಎಂದೇ ಹೇಳಿದರು. ಕೇಳಿಕೊಂಡೇ ಇದ್ದೆ.

ಅಷ್ಟರಲ್ಲಿ ಜಗಲಿಯ ಮೂಲೆಯಲ್ಲಿ ಚಕ್ರದ ಸದ್ದು ನಿಂತಿತ್ತು. ಭಾಗ್ಯ ಹಿಂದಿನ ದಿನದ ಬಟ್ಟೆಯಲ್ಲೇ ಸಾಮಾನು ಕಟ್ಟಿದ್ದಳು, ಹೊರಡುವ ಗಡಿಬಿಡಿಯಲ್ಲಿ ಕೊಡವಿಕೊಂಡಿರಲಿಲ್ಲ. ಮನು ಇಳಿದು ಬಂದ. ನನ್ನ ಸೀರೆಗೆ ಸವರಿಕೊಂಡೇ ದಾಟಿದ, ತಲೆಯೆತ್ತಲಿಲ್ಲ. ಭಾಗ್ಯಳ ಮುಂದೆ ನಿಂತು ಅಂಗೈ ಬಿಚ್ಚಿದ.

ಅವಳು ಅವನನ್ನು ಮುಟ್ಟಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ಮುಖ ನೋಡುತ್ತ ನಿಂತಳು. ಹೂಂ ಎನ್ನುವುದೂ ಬೇಡ ಎನ್ನುವುದೂ ನನ್ನ ಕೈಯಲ್ಲಿತ್ತು.

"ಎತ್ಕೊಳೇ, ಮಗ ಎಷ್ಟೊತ್ತು ನಿಲ್ಬೇಕು?" ಎಂದೆ.

ಎತ್ತಿಕೊಂಡಳು. ಅವನು ಮೈ ಬಿಲ್ಲು ಮಾಡಲಿಲ್ಲ. ಅವಳ ಭುಜಕ್ಕೆ ಪಟ್ಟಿ ಕಟ್ಟಿದ ಹಣೆಯನ್ನು ಒರಗಿಸಿ ಒಂದು ಕೆಂಪು ದಾರ ಹುಡುಕಿ ಎತ್ತಿದ. ಕುಮಾರ ಟೆಂಪೋದಿಂದ ಸಿಲಿಂಡರ್ ಇಳಿಸತೊಡಗಿದ. ನನ್ನ ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯಿತು. ಉರಿಯಲಿ ಎಂದು ಅಲ್ಲೇ ನಿಂತು, ಅವನು ಕೊನೆಯ ದಾರ ಎತ್ತುವವರೆಗೂ ನೋಡಿದೆ.